ಬಡ್ತಿಯೂ ಪದವಿಯೂ

ಕಳೆದ ತಿಂಗಳು ಒಂದು ಮಧ್ಯಾಹ್ನ ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿಯೊಬ್ಬನು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. ಅವನ ಹಾಜರಿ ಶೇಕಡಾ 75ಕ್ಕಿಂತ ಬಹಳ ಕೆಳಗಿತ್ತು. ವೈದ್ಯರ ಚೀಟಿ ತಂದಿರಬೇಕೆಂದು ಊಹಿಸಿ ನಾನು ಮುಖವನ್ನು ಬಿಗಿದುಕೊಂಡೆ. ಅವನು ತಂದಿದ್ದುದು ಚೀಟಿಯಲ್ಲ, ಒಂದು ಪ್ರಶ್ನೆ.

"ಸರ್, ಸಂಜೆ ಹೊತ್ತು ನಾನು ಕೆಲಸ ಮಾಡೋ ಬರ್ಗರ್ ಅಂಗಡೀಲಿ ನನ್ನ ಶಿಫ್ಟ್ ಮ್ಯಾನೇಜರ್ ಮಾಡ್ತಾರಂತೆ. ಆದ್ರೆ ಬೆಳಗಿನ ಪಾಳಿಗೂ ಬರಬೇಕು. ಕಾಲೇಜು ಬಿಡ್ಲಾ?"

'ಬಿಡಬೇಡ' ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದೊಂದು ಅಭ್ಯಾಸ. ಆದರೆ ಏಕೆ ಬಿಡಬಾರದು ಎಂದು ಅವನು ಮರುಪ್ರಶ್ನೆ ಹಾಕಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. "ಅಲ್ಲಿ ಡಿಗ್ರಿ ಕೇಳ್ತಾರೇನಪ್ಪ?" ಎಂದೆ. "ಯಾರೂ ಕೇಳಿಲ್ಲ ಸರ್. ಸೇರೋವಾಗ ಪಿಯುಸಿ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದೆ, ಅಷ್ಟೆ" ಎಂದ. ಎರಡು ದಿನ ಬಿಟ್ಟು ಬಾ ಎಂದು ಕಳುಹಿಸಿದೆ. ಆ ಎರಡು ದಿನ ಬೆಳೆದು ಮೂರು ವಾರವಾಯಿತು.

ಅವಸರದ ತಿಂಡಿ ಬೆಂಗಳೂರಿಗೆ ಹೊಸದೇನಲ್ಲ. 1983ರಲ್ಲಿ ಆರ್. ಪ್ರಭಾಕರ ಅವರು ಜಯನಗರದಲ್ಲಿ 'ಕೆಫೆ ದರ್ಶಿನಿ'ಯನ್ನು ತೆರೆದ ಮೇಲೆ, ನಿಂತುಕೊಂಡೇ ಇಡ್ಲಿ ತಿಂದು, ಕಾಫಿ ಕುಡಿದು, ಹತ್ತು ನಿಮಿಷದಲ್ಲಿ ಬೀದಿಗಿಳಿಯುವ ಕ್ರಮ ಊರಿಗೆಲ್ಲ ಹಬ್ಬಿತು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಕೋಳಿಯ ಅಂಗಡಿ ಬಂದಿತು. ಭಾರತದಲ್ಲಿ ಅದೇ ಆ ಕಂಪನಿಯ ಮೊದಲನೆಯದು. ಮರುವರ್ಷದ ಜನವರಿಯಲ್ಲಿ ರೈತ ಸಂಘದವರು ಅದರ ಮೇಲೆ ದಾಳಿಯಿಟ್ಟುದನ್ನು ಹಿರಿಯ ಓದುಗರು ಮರೆತಿರಲಾರರು. ಅಂದಿನ ಜಗಳ ಕೋಳಿಯದು, ಬೇಸಾಯದ್ದು, ದೇಶದ ಸ್ವಾತಂತ್ರ್ಯದ್ದು. ಒಳಗೆ ಟೋಪಿ ಧರಿಸಿ ಕೋಳಿ ಕರಿಯುತ್ತಿದ್ದ ಹುಡುಗರು ಮುಂದೆ ಏನಾಗುವರೆಂಬ ಪ್ರಶ್ನೆಯನ್ನು ನಾವು, ಹೊರಗೆ ನಿಂತು ವಾದಿಸಿದವರು, ಕೇಳಿದ ನೆನಪು ನನಗಿಲ್ಲ.

ಈ ಪ್ರಶ್ನೆಗೆ ನಮ್ಮವರ ಹಳೆಯ ಉತ್ತರವೊಂದುಂಟು. ಉಡುಪಿಯ ಹೋಟೆಲನ್ನು ನೋಡಿ ಎನ್ನುತ್ತಾರೆ. ಲೋಟ ತೊಳೆಯಲು ಸೇರಿದ ಮಾಣಿ ಮೇಜು ಒರೆಸಿ, ಸಪ್ಲಯರನಾಗಿ, ಒಳಗಿನ ಒಲೆಯ ಮರ್ಮವನ್ನೂ ಹೊರಗಿನ ಗಿರಾಕಿಯ ಮರ್ಜಿಯನ್ನೂ ಅರಿತುಕೊಂಡು, ಒಂದು ದಿನ ಗಲ್ಲಾದ ಮೇಲೆ ಕುಳಿತುಬಿಡುತ್ತಿದ್ದ. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಚಾಕರಿಯಿಂದ ತೊಡಗಿ 1938ರಲ್ಲಿ ಮದರಾಸಿನಲ್ಲಿ 'ವುಡ್‌ಲ್ಯಾಂಡ್ಸ್' ಕಟ್ಟಿದ್ದು ಯಾವ ವಿಶ್ವವಿದ್ಯಾನಿಲಯದ ಪದವಿಯಿಂದಲೂ ಅಲ್ಲ. ಇದೆಲ್ಲ ಸತ್ಯ. ಆದರೆ ಇದನ್ನು ಹೇಳುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ಪದವಿ ಕೇಳುತ್ತಿರಲಿಲ್ಲ, ನಿಜ. ಊರು ಯಾವುದು, ಯಾರ ಪೈಕಿ, ಯಾವ ಜನ ಎಂದು ಕೇಳುತ್ತಿದ್ದರು. ನನ್ನ ವಿದ್ಯಾರ್ಥಿಯ ಅಜ್ಜನನ್ನು ಅಂದಿನ ಎಷ್ಟೋ ಹೋಟೆಲುಗಳ ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೊಮ್ಮಗನನ್ನು ಇಂದಿನ ಬರ್ಗರ್ ಅಂಗಡಿ ಅರ್ಧ ಗಂಟೆಯ ಮಾತುಕತೆಯಲ್ಲಿ ಒಳಕ್ಕೆ ಕರೆದುಕೊಂಡಿತು. ಪರದೇಶದ ಕಂಪನಿಗಳನ್ನು ಬೈಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.

ಇನ್ನೊಂದು ಸಂಗತಿಯೂ ಇಲ್ಲಿ ನೆನಪಾಗುತ್ತದೆ. ಮುಂಬಯಿಗೆ ಹೋದ ಕರಾವಳಿಯ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಅಲ್ಲಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದರು. ಸಪ್ಲಯರನಿಂದ ಮೇಲಕ್ಕೆ ಹೋಗಲು ಮೆಟ್ರಿಕ್ಯುಲೇಷನ್ ಬೇಕಿರಲಿಲ್ಲವಲ್ಲ, ನಿದ್ದೆಗೆಟ್ಟು ಓದಿದ್ದೇಕೆ? ಹೋಟೆಲಿನಲ್ಲಿ ಬಡ್ತಿ ಪಡೆಯುವುದಕ್ಕಲ್ಲ. ಬೇಕೆಂದಾಗ ಹೋಟೆಲನ್ನು ಬಿಡುವುದಕ್ಕೆ.

ಒಂದು ಶನಿವಾರ ರಾತ್ರಿ ನಾನು ಆ ಅಂಗಡಿಗೆ ಹೋದೆ. ಹೆಸರು ಬೇಡ, ಎಲ್ಲ ಒಂದೇ ಅಚ್ಚಿನವು. ಮೂಲೆಯ ಮೇಜಿನಲ್ಲಿ ಆಲೂಗಡ್ಡೆಯ ಪೊಟ್ಟಣವೊಂದನ್ನು ಮುಂದಿಟ್ಟುಕೊಂಡು ಎರಡು ಗಂಟೆ ಕುಳಿತೆ. ಒಳಗೆ ಗಿರಾಕಿಗಳ ಬೇಡಿಕೆಗಳು ಒಂದು ಪರದೆಯ ಮೇಲೆ ಸಾಲಾಗಿ ಮೂಡುತ್ತವೆ, ತಡವಾದಷ್ಟೂ ಬಣ್ಣ ಬದಲಾಗುತ್ತದೆ. ಕರಿಯುವ ಬುಟ್ಟಿ ಎಣ್ಣೆಗಿಳಿದ ಕ್ಷಣದಿಂದ ಗಡಿಯಾರ ಓಡುತ್ತದೆ, ಹೊತ್ತಾದಾಗ ಕೂಗುತ್ತದೆ. ಕರಿದಿಟ್ಟ ಪದಾರ್ಥಕ್ಕೆ ಇಷ್ಟೇ ನಿಮಿಷದ ಆಯುಸ್ಸು; ಅದು ಮುಗಿದರೆ, ಹೊರಗೆ ಹಸಿದವನೇ ನಿಂತಿದ್ದರೂ, ಬುಟ್ಟಿಯ ಪಾಲು. ಹಳೆಯ ಸರಕು ಮುಂದೆ, ಹೊಸದು ಹಿಂದೆ. ನಿಗದಿಯಾದ ಹೊತ್ತಿಗೆ ಎಲ್ಲರೂ ಕೈ ತೊಳೆಯಬೇಕು. ಆ ರಾತ್ರಿ ಒಬ್ಬ ಹುಡುಗ ಬಂದಿರಲಿಲ್ಲ. ಮನೆಮನೆಗೆ ಊಟ ಮುಟ್ಟಿಸುವ ಸವಾರರು ನಾಲ್ವರು ಬಾಗಿಲಲ್ಲಿ ನಿಂತು ಒತ್ತಾಯ ಮಾಡುತ್ತಿದ್ದರು. ನನ್ನ ಶಿಷ್ಯನು ಕೌಂಟರಿನಲ್ಲಿದ್ದ ಹುಡುಗಿಯನ್ನು ಎಣ್ಣೆಯ ಕಡೆಗೆ ಕಳುಹಿಸಿ, ತಾನು ಕೌಂಟರಿಗೆ ಬಂದು, ತಪ್ಪು ಪೊಟ್ಟಣ ಸಿಕ್ಕಿದ್ದಕ್ಕೆ ಕೆಂಡವಾಗಿದ್ದ ಹೆಂಗಸೊಬ್ಬರನ್ನು ಸಮಾಧಾನಪಡಿಸಿ, ಇಪ್ಪತ್ತು ನಿಮಿಷದಲ್ಲಿ ಆ ಪರದೆಯನ್ನು ಖಾಲಿ ಮಾಡಿದನು. ಅವನ ಇಂಗ್ಲಿಷು ಏಳೆಂಟು ವಾಕ್ಯಗಳದು. ಆದರೆ ಆ ಏಳೆಂಟೂ ಬೇಕಾದ ಗಳಿಗೆಗೆ ಬಂದವು. ನಮ್ಮ ಪರೀಕ್ಷಾ ವಿಭಾಗವನ್ನು ಇವನ ಕೈಗೆ ಕೊಟ್ಟರೆ ಫಲಿತಾಂಶ ಹೊತ್ತಿಗೆ ಸರಿಯಾಗಿ ಬಂದೀತು ಎಂದು ನನಗೆ ಅನಿಸಿದ್ದುಂಟು.

ಈ ವಿದ್ಯೆಯನ್ನು ನಾವು ಕಲಿಸಿದೆವೆ? ಇಲ್ಲ. ನಾನು ಅವನಿಗೆ ಕಲಿಸಿದ್ದು ಶಬ್ದಮಣಿದರ್ಪಣದ ಸಂಧಿಪ್ರಕರಣ. ಆ ರಾತ್ರಿ ಕೇಶಿರಾಜನಿಂದ ಅವನಿಗೆ ಯಾವ ಉಪಕಾರವೂ ಆದಂತೆ ಕಾಣಲಿಲ್ಲ.

ಈ ಕಸುಬನ್ನು ಲೋಕಕ್ಕೆಲ್ಲ ಹಬ್ಬಿಸಿದ ಮೆಕ್‌ಡೊನಾಲ್ಡ್ಸ್ ಕಂಪನಿಯ ಚರಿತ್ರೆಯೂ ಇದೇ ಮಾತನ್ನು ಹೇಳುವಂತೆ ಮೊದಲಿಗೆ ತೋರುತ್ತದೆ. ಅದನ್ನು ಬೆಳೆಸಿದ ರೇ ಕ್ರಾಕ್ ಹೈಸ್ಕೂಲನ್ನೂ ಮುಗಿಸಿದವನಲ್ಲ. 1956ರಲ್ಲಿ ಕಾವಲಿಯ ಮುಂದೆ ನಿಂತು ಮಾಂಸದ ಬಿಲ್ಲೆ ಬೇಯಿಸಲು ಸೇರಿದ ಫ್ರೆಡ್ ಟರ್ನರ್, ಕಾಲೇಜನ್ನು ನಡುವೆಯೇ ಬಿಟ್ಟವನು, 1968ರಲ್ಲಿ ಕಂಪನಿಯ ಅಧ್ಯಕ್ಷನಾದ. ಸಿಡ್ನಿಯಲ್ಲಿ ಹದಿನೈದನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ಚಾರ್ಲಿ ಬೆಲ್ ಹತ್ತೊಂಬತ್ತಕ್ಕೆ ಅಂಗಡಿಯ ಮ್ಯಾನೇಜರಾಗಿ, 2004ರಲ್ಲಿ ಇಡೀ ಕಂಪನಿಯ ಮುಖ್ಯಾಧಿಕಾರಿಯಾದ. ಅವನ ಬಳಿಕ ಆ ಪೀಠದಲ್ಲಿ 2012ರವರೆಗೆ ಕುಳಿತ ಜಿಮ್ ಸ್ಕಿನ್ನರನಿಗೂ ಪದವಿಯಿರಲಿಲ್ಲ. 1971ರಲ್ಲಿ ಅಂಗಡಿಯ ತರಬೇತಿಗೆ ಬಂದವನು ಅವನು. ವಿನೋದವೆಂದರೆ, ಪದವಿಯನ್ನು ಲೆಕ್ಕಿಸದ ಈ ಕಂಪನಿ 1961ರಲ್ಲಿ ಇಲಿನಾಯ್ಸ್ ಪ್ರಾಂತದ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ತನ್ನದೇ ಒಂದು ಶಾಲೆಯನ್ನು ತೆರೆದು, ಅದಕ್ಕೆ 'ಹ್ಯಾಂಬರ್ಗರ್ ವಿಶ್ವವಿದ್ಯಾನಿಲಯ' ಎಂದು ಹೆಸರಿಟ್ಟು, 'ಹ್ಯಾಂಬರ್ಗರಾಲಜಿ'ಯಲ್ಲಿ ಪದವಿಯನ್ನೂ ಕೊಡತೊಡಗಿತು. ಮನುಷ್ಯನಿಗೆ ಕಾಗದದ ಮೇಲಿನ ಮೋಹ ಸುಲಭವಾಗಿ ಬಿಡದು.

ಆದರೆ ಈಚಿನದನ್ನೂ ನೋಡಬೇಕಷ್ಟೆ. 2019ರ ನವೆಂಬರಿನಲ್ಲಿ ಅದೇ ಪೀಠವನ್ನೇರಿದ ಕ್ರಿಸ್ ಕೆಂಪ್‌ಚಿನ್ಸ್ಕಿ ಹಾರ್ವರ್ಡಿನ ಎಂ.ಬಿ.ಎ. ಪದವೀಧರ, ಬೇರೊಂದು ಆಹಾರ ಕಂಪನಿಯಿಂದ 2015ರಲ್ಲಿ ಬಂದವನು. ಅಂಗಡಿಗಳು ಬೆರಳೆಣಿಕೆಯವಿದ್ದಾಗ ಕಾವಲಿ ಬಲ್ಲವನೇ ಯಜಮಾನ. ಅವು ಸಾವಿರಗಟ್ಟಲೆಯಾದಾಗ, ಸಾಲ, ಷೇರು, ನೆಲಬಾಡಿಗೆ ಬಲ್ಲವನು ಬೇಕಾಗುತ್ತಾನೆ. ಆ ವಿದ್ಯೆ ಎಣ್ಣೆಯ ಮುಂದೆ ನಿಂತು ಬರುವುದಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಸ್ಸಿಲ್ಲದೆ ಇಬ್ಬರೂ ಆಟೋ ಕಾಯುತ್ತಿದ್ದಾಗ ಅವನೇ ಹೇಳಿದ:

"ಹೋದ ವರ್ಷ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರೊಬ್ರು ಬಂದ್ರು ಸರ್. ಎಣ್ಣೆ ಬದಲಾಯಿಸೋದು, ರಾತ್ರಿ ಲೆಕ್ಕ ಮುಚ್ಚೋದು ಎಲ್ಲ ನಾನೇ ಹೇಳಿಕೊಟ್ಟೆ. ಈಗ ಅವರೇ ನಮ್ಮ ಅಸಿಸ್ಟೆಂಟ್ ಮ್ಯಾನೇಜರು."

"ಬೇಜಾರಾಗಲಿಲ್ವೇನಪ್ಪ?"

"ಒಳ್ಳೆಯವ್ರು ಸರ್" ಎಂದಷ್ಟೇ ಹೇಳಿದ.

ನನ್ನ ಅಭಿಪ್ರಾಯ ಆ ಬೀದಿಯಲ್ಲಿಯೇ ಒಂದು ರೂಪಕ್ಕೆ ಬಂದಿತು. ಈ ಕೆಲಸದಲ್ಲಿ ಮೆಟ್ಟಿಲು ಹತ್ತಲು ಪದವಿ ಬೇಕಿಲ್ಲ. ಹತ್ತಿದವರಿದ್ದಾರೆ, ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಆದರೆ ಎಷ್ಟನೆಯ ಮೆಟ್ಟಿಲಿನಿಂದ ಹತ್ತಲು ತೊಡಗುತ್ತೀಯೆ ಎಂಬುದನ್ನು ಪದವಿ ನಿಶ್ಚಯಿಸುತ್ತದೆ. ನನ್ನ ಹುಡುಗನು ಮೂರು ವರ್ಷ ದುಡಿದು ಮುಟ್ಟಲಿರುವ ಮೆಟ್ಟಿಲಿನಿಂದಲೂ ಒಂದು ಮೇಲೆ, ಆ ಪದವೀಧರ ತನ್ನ ಮೊದಲ ವರ್ಷದಲ್ಲೇ ನಿಂತಿದ್ದ. ಮತ್ತೆ ಈ ಏಣಿ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಒಂದು ಅಂಗಡಿಯಲ್ಲಿ ಮೂವತ್ತು ಮಂದಿಯಿದ್ದರೆ ಮ್ಯಾನೇಜರು ಒಬ್ಬನೇ. ಉಳಿದವರೆಲ್ಲ ಸೋಮಾರಿಗಳೆಂದು ಇದರ ಅರ್ಥವಲ್ಲ. ಕುರ್ಚಿ ಒಂದೇ ಎಂದು ಅರ್ಥ. ಚಾರ್ಲಿ ಬೆಲ್ಲನ ಕಥೆಯನ್ನು ಹೊಸ ಹುಡುಗರಿಗೆ ಹೇಳುವವರು ಈ ಭಾಗಾಕಾರವನ್ನೂ ಹೇಳಬೇಕು.

ನನ್ನ ಕಥೆಯನ್ನೂ ಇಲ್ಲಿ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ನಮ್ಮ ವೃತ್ತಿಯಲ್ಲಿ 2018ರ ನಿಯಮಗಳ ಪ್ರಕಾರ ಸಹ ಪ್ರಾಧ್ಯಾಪಕನಾಗಲು ಪಿಎಚ್.ಡಿ. ಬೇಕೇ ಬೇಕು. ನಾನು ಎಂ.ಎ. ಮಾಡಿದವನು, ಅಷ್ಟೇ. ನನ್ನ ಪಾಠ ಕೇಳಿ ಹುಡುಗರು ಕುಣಿದಾಡಿದರೂ ನಿದ್ದೆ ಹೋದರೂ ನನ್ನ ಮೆಟ್ಟಿಲು ಬದಲಾಗದು. ಬರ್ಗರ್ ಅಂಗಡಿಯಲ್ಲಿ ಕೆಲಸವನ್ನು ನೋಡಿ ಕಾಗದವನ್ನು ಮರೆಯುತ್ತಾರೆ. ನಮ್ಮಲ್ಲಿ ಕಾಗದವನ್ನು ನೋಡಿ ಕೆಲಸವನ್ನು ಮರೆಯುತ್ತಾರೆ. ಎರಡನ್ನೂ ಹೋಲಿಸಿದಾಗ ನನಗೆ ಅಂಗಡಿಯ ಪದ್ಧತಿಯೇ ಹೆಚ್ಚು ಮಾನವೀಯವೆಂದು ತೋರಿದ್ದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಎಂ.ಎ.ಗೆ ಒಂದು ಗುಣವಿದೆ: ನಾನು ಯಾವ ಊರಿಗೆ ಹೋದರೂ ಅದು ನನ್ನ ಜೊತೆಗೆ ಬರುತ್ತದೆ. ಆ ಹುಡುಗನ ಮೂರು ವರ್ಷದ ವಿದ್ಯೆ, ಇನ್ನೊಂದು ಅಂಥದೇ ಅಂಗಡಿಯನ್ನು ಬಿಟ್ಟರೆ, ಎಲ್ಲಿಗೂ ಬರುವುದಿಲ್ಲ. ಸರ್ಕಾರದ ಪ್ರಥಮ ದರ್ಜೆ ಸಹಾಯಕನ ಹುದ್ದೆಗೆ ಪದವಿ ಬೇಕು. ಶಿಫ್ಟ್ ಮ್ಯಾನೇಜರಿಕೆಯ ಐದು ವರ್ಷಗಳಿಂದ ಆ ಅರ್ಜಿಯ ಒಂದು ಕಾಲಮನ್ನೂ ತುಂಬಲಾಗದು.

ಕೈವಿದ್ಯೆಗೂ ಒಂದು ಕಾಗದ ಕೊಟ್ಟರಾಗದೆ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ 2008ರಲ್ಲಿ ಇದನ್ನು ಮಾಡಿದರು. ಪಾಳಿ ನಡೆಸುವ ತರಬೇತಿಗೆ, ನಮ್ಮ ಪಿಯುಸಿಗೆ ಸುಮಾರಾಗಿ ಸಮನಾದ ಎ-ಲೆವೆಲ್ ಮಟ್ಟದ ಅರ್ಹತಾಪತ್ರ ಕೊಡುವ ಅಧಿಕಾರವನ್ನು ಮೆಕ್‌ಡೊನಾಲ್ಡ್ಸಿಗೇ ನೀಡಿದರು. ಪತ್ರಿಕೆಗಳು ನಕ್ಕವು. ನನಗೆ ಅದರಲ್ಲಿ ನಗುವಂಥದೇನೂ ಕಾಣದು. ನಮ್ಮ ದೇಶದಲ್ಲಿಯೂ 2015ರಲ್ಲಿ ಆರಂಭವಾದ ಕೌಶಲ ಯೋಜನೆಯಲ್ಲಿ, ದುಡಿಯುತ್ತ ಕಲಿತುದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಟು ಸೇರಿತು. ನನ್ನ ವಿದ್ಯಾರ್ಥಿ ಅದರ ಹೆಸರನ್ನೇ ಕೇಳಿರಲಿಲ್ಲ. ಮೂರು ವಾರದ ಹಿಂದೆ ಅವನ ಅಧ್ಯಾಪಕನೂ ಕೇಳಿರಲಿಲ್ಲ.

ಮೊನ್ನೆ ಅವನನ್ನು ಕರೆಸಿ ಹೇಳಿದೆ: "ಅಲ್ಲಿ ಮೇಲಕ್ಕೆ ಹೋಗೋಕೆ ನಿನಗೆ ಈ ಡಿಗ್ರಿ ಬೇಡಪ್ಪ. ಅಲ್ಲಿಂದ ಹೊರಕ್ಕೆ ಬರೋಕೆ ಬೇಕು. ನಲವತ್ತಕ್ಕೆ ದಿನಾ ಹತ್ತು ಗಂಟೆ ನಿಲ್ಲೋಕೆ ಕಾಲು ಒಪ್ಪದೆ ಇದ್ರೆ ಬೇಕು. ಇನ್ನು ನಾಲ್ಕು ತಿಂಗಳು. ಪರೀಕ್ಷೆ ಮುಗಿಯೋವರೆಗೆ ತಡೀರಿ ಅಂತ ಅವರನ್ನ ಕೇಳು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಕೇಳ್ದೆ ಸರ್. ಜಾಗ ಖಾಲಿ ಇಡೋಕಾಗಲ್ಲ ಅಂದ್ರು. ಸಂಬಳ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ. ತಂಗಿ ಈ ವರ್ಷ ನರ್ಸಿಂಗ್ ಸೇರಿದ್ದಾಳೆ."

ನಲವತ್ತನೆಯ ವಯಸ್ಸಿನ ಕಾಲುಗಳ ಮಾತನ್ನು ಇಪ್ಪತ್ತೊಂದರ ಹುಡುಗನಿಗೆ ಹೇಳುವುದು ಸುಲಭ. ಈ ತಿಂಗಳ ನಾಲ್ಕು ಸಾವಿರವನ್ನು ನಾನು ತುಂಬಿಕೊಡಲಾರೆ. ಪ್ರಾಂಶುಪಾಲರ ಬಳಿಗೆ ಹೋಗಿ, ದುಡಿಯುವ ಹುಡುಗರ ಹಾಜರಿಯ ವಿಷಯದಲ್ಲಿ ನಿಯಮ ಎಷ್ಟರ ಮಟ್ಟಿಗೆ ಬಾಗೀತೆಂದು ಕೇಳಿದ್ದೇನೆ. ನೋಡೋಣ ಎಂದಿದ್ದಾರೆ. ನಮ್ಮ ತರಗತಿಯ ಮೂವತ್ತೆಂಟು ಮಂದಿಯಲ್ಲಿ ಸಂಜೆ ಹೀಗೆ ಎಲ್ಲಿಯೋ ದುಡಿಯುವವರು ಹನ್ನೊಂದು ಮಂದಿ ಎಂಬುದು ಈ ನೆಪದಲ್ಲಿ ನನಗೆ ಗೊತ್ತಾಯಿತು. ಬೆಳಗಿನ ಮೊದಲ ಎರಡು ಅವಧಿಗಳಲ್ಲಿ ಅವರು ತೂಕಡಿಸುವುದನ್ನು ನಾನು ಇಷ್ಟು ವರ್ಷ ಅಶ್ರದ್ಧೆ ಎಂದುಕೊಂಡಿದ್ದೆ.

ಅವನು ಯೋಚಿಸಿ ಹೇಳುತ್ತೇನೆಂದು ಹೋಗಿದ್ದಾನೆ. ನಾಳೆ ಸೋಮವಾರ, ಮೊದಲ ಅವಧಿ ನನ್ನದೇ. ಹಾಜರಿ ಕರೆಯುವಾಗ ತಿಳಿಯುತ್ತದೆ.