ಜೀಪು ಎತ್ತಿಸುವವರು ಒಮ್ಮೆ ಕೆಳಗೂ ಬಗ್ಗಿ ನೋಡಿ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಜೀಪಿನ ಗೆಳೆಯರಲ್ಲಿ ಒಂದು ವಿನಂತಿ. ಕಾಫಿ ಕೊಯ್ಲು ಹತ್ತಿರ ಬಂತು. ಗ್ಯಾರೇಜುಗಳ ಮುಂದೆ ಈಗ ಒಂದೇ ಮಾತು: ‘ಎಷ್ಟು ಇಂಚು ಎತ್ತಿಸಿದೆ ಮಾರಾಯ?’ ಎರಡು ಅಂದವನಿಗೆ ಮರ್ಯಾದೆ, ನಾಲ್ಕು ಅಂದವನಿಗೆ ಚಹಾ. ಎತ್ತಿಸಿದ ಮೇಲೆ ಬ್ರೇಕ್ ಹೋಸ್ ಸಾಕಾಗುತ್ತದಾ ಎಂದು ಕೇಳುವವರೇ ಇಲ್ಲ.

ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯಬೇಡಿ ಎನ್ನುವವನಲ್ಲ ನಾನು. ಹಳೆಯ ಎಂಎಂ 540, ಜಿಪ್ಸಿಗಳೆಲ್ಲ ತೋಟದಲ್ಲಿ ಬಾಳಿದ್ದೇ ಹಾಗೆ. ನಾಲ್ಕೂ ಚಕ್ರಕ್ಕೆ ಪ್ಲೇಟಿನ ಸ್ಪ್ರಿಂಗ್; ಇನ್ನೊಂದು ಪ್ಲೇಟು ಸೇರಿಸಿದರೆ ಅಥವಾ ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಮೇಲೇಳುತ್ತದೆ. ಅಷ್ಟು ಸುಲಭವಾಗಿರುವುದೇ ತೊಂದರೆ. ಚಾಸಿ ಮೇಲೆ ಹೋಯಿತು, ಆಕ್ಸಲ್ ಅಲ್ಲೇ ಉಳಿಯಿತು, ನಡುವಿನ ರಬ್ಬರ್ ಹೋಸ್ ಮಾತ್ರ ಹಳೆಯದೇ. ಚರಂಡಿಗೆ ಒಂದು ಚಕ್ರ ಇಳಿದು ಜೋತುಬಿದ್ದರೆ ಅದು ಬಟ್ಟೆ ಒಣಹಾಕುವ ತಂತಿಯಂತೆ ಬಿಗಿದು ನಿಲ್ಲುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಕ್ರಾಸ್ ಸವೆಯುತ್ತದೆ. ಕ್ಯಾಸ್ಟರ್ ತಪ್ಪಿದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದು, ಟಾರು ರಸ್ತೆಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ. 2020ರ ಥಾರ್‌ಗೆ ಕಾಯಿಲ್ ಸ್ಪ್ರಿಂಗ್ ಬಂದಿದೆ. ಅದಕ್ಕೆ ಸ್ಪೇಸರ್ ತುರುಕಿದರೂ ಮುಂದಿನ ಶಾಫ್ಟುಗಳ ಓರೆ ಹೆಚ್ಚುವುದು ತಪ್ಪುವುದಿಲ್ಲ.

ಇನ್ನು ಕೆಲವರು ಮುರಿದ ಪ್ಲೇಟಿಗೆ ವೆಲ್ಡಿಂಗ್ ಹಾಕಿಸುತ್ತಾರೆ. ದಯವಿಟ್ಟು ಬೇಡ. ಬೆಂಕಿ ತಗುಲಿದಲ್ಲಿ ಉಕ್ಕಿನ ಹದ ಹೋಗಿರುತ್ತದೆ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬಿಚ್ಚಿದ ಯು-ಬೋಲ್ಟನ್ನೇ ಮತ್ತೆ ಹಾಕುವ ಜಿಪುಣತನವೂ ಬೇಡ. ಹೊಸದು ಹಾಕಿ, ನಾಲ್ಕು ದಿನ ಓಡಿಸಿ, ಮತ್ತೊಮ್ಮೆ ಬಿಗಿ ಮಾಡಿ.

ಟೈರಿನ ಲೆಕ್ಕವೂ ಇದೆ. 29 ಇಂಚಿನ ಜಾಗಕ್ಕೆ 31 ಹಾಕಿದರೆ ಮೀಟರ್ 60 ತೋರಿಸುವಾಗ ಗಾಡಿ ಸುಮಾರು 64ರಲ್ಲಿರುತ್ತದೆ. ಭಾರದ ಚಕ್ರವನ್ನು ನಿಲ್ಲಿಸಬೇಕಾದ ಬ್ರೇಕು ಮಾತ್ರ ಅದೇ ಬ್ರೇಕು. ಕೆಸರು ದಾಟುವುದಷ್ಟೇ ಬೇಕಿದ್ದರೆ ಗಾಳಿಯನ್ನು 20 ಪಿಎಸ್ಐ ಹತ್ತಿರಕ್ಕೆ ಇಳಿಸಿ, ಟಾರು ಸಿಗುವ ಮುಂಚೆ ತುಂಬಿಸಿಕೊಳ್ಳಿ. ಒಂದು ಪಂಪಿದ್ದರೆ ಸಾಕು, ಪುಕ್ಕಟೆ.

ಕಾನೂನು ನಿಮಗೆ ಗೊತ್ತಿಲ್ಲದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡವನ್ನು ಹೇಗೋ ಕಟ್ಟಿಬಿಡಬಹುದು ಅನ್ನಿ.

ಆದರೆ ಹಿಂದೆ ಕೂರುವವರು ಯಾರು? ಬೆಳಿಗ್ಗೆ ಬುತ್ತಿ ಹಿಡಿದು ಕೊಯ್ಲಿಗೆ ಬರುವ ಹೆಂಗಸರು. ಗಾಡಿ ಎತ್ತರಿಸಿದಷ್ಟೂ ಅದರ ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮಗುಚುವುದು ಸುಲಭವಾಗುತ್ತದೆ. ನಮ್ಮ ಶೋಕಿಗೆ ಅವರ ಒಪ್ಪಿಗೆಯನ್ನು ನಾವು ಕೇಳಿಲ್ಲ.

ಕೊಯ್ಲಿಗೆ ಮುನ್ನ ಒಂದು ಭಾನುವಾರ ಹೀಗೆ ಮಾಡಿ. ಸಮತಟ್ಟು ಜಾಗದಲ್ಲಿ ಚಾಸಿಗೆ ಸ್ಟ್ಯಾಂಡ್ ಕೊಟ್ಟು (ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ) ಚಕ್ರಗಳನ್ನು ಜೋತುಬಿಡಿ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಪ್ರತಿ ಹೋಸನ್ನೂ ಬೆರಳಿನಿಂದ ಒತ್ತಿ ನೋಡಿ. ಸಡಿಲವಿಲ್ಲದೆ ಬಿಗಿದಿದ್ದರೆ, ಉದ್ದದ ಹೋಸ್ ಹಾಕಿಸುವ ತನಕ ಆ ಗಾಡಿಗೆ ಯಾರನ್ನೂ ಹತ್ತಿಸಿಕೊಳ್ಳಬೇಡಿ.