ಸತ್ಯ ಬದಲಾಗೂದಿಲ್ಲ, ಸರಿ. ಸಮುದ್ರ?

ಹೋದ ವರ್ಷ ಭಾದ್ರಪದ ಶುದ್ಧ ನವಮಿಗೆ ಮಾನ್ವಿಗೆ ಹೋಗಿದ್ದೆ. ಜಗನ್ನಾಥದಾಸರ ಆರಾಧನೆ. ರಾಯಚೂರಿನಿಂದ ನಮ್ಮ ಮನೆಯವರೆಲ್ಲ ಬಂದಿದ್ದರು, ಒಬ್ಬಳನ್ನು ಬಿಟ್ಟು. ನನ್ನ ಕಾಕಾನ ಮಗಳು. ಕೆಲವೇ ತಿಂಗಳ ಹಿಂದೆ ದೇವದುರ್ಗದ ಹುಡುಗನೊಬ್ಬನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಜಾತಿ ಬೇರೆ. ಅಂದಿನಿಂದ ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಊಟದ ಹೊತ್ತಿಗೆ ನಾನೇ ಎತ್ತಿದೆ. ಕಾಕಾ ಎಲೆಯಿಂದ ತಲೆ ಎತ್ತದೆ ಅಂದರು: "ಕಾಲ ಬದಲಾಗ್ತದಪಾ. ಸತ್ಯ ಬದಲಾಗೂದಿಲ್ಲ."

ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದು ಅಂದರು. ನಾನೂ ಸುಮ್ಮನೆ ಅನ್ನ ಕಲಸಿಕೊಂಡೆ. ಅವತ್ತು ಆಡದ ಮಾತನ್ನು ಇವತ್ತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಅವರವರ ಸತ್ಯ ಅವರವರಿಗೆ ಅನ್ನುವ ಪೈಕಿ ನಾನಲ್ಲ. ಜಗತ್ತು ಸತ್ಯ, ಭೇದ ಸತ್ಯ, ಹರಿಯೇ ಸರ್ವೋತ್ತಮ ಎಂದರು ಮಧ್ವಾಚಾರ್ಯರು. ಕಾಲಕ್ಕೆ ತಕ್ಕಂತೆ ಅಲ್ಲ, ಎಂದೆಂದಿಗೂ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಅದು ಗಟ್ಟಿ ಮಾತು. ನನ್ನ ತಕರಾರು ಇಷ್ಟೇ: ಆ ಪಟ್ಟಿಯಲ್ಲಿ ನಮ್ಮ ಮನೆಯ ಮದುವೆ ಯಾವಾಗ ಸೇರಿತು?

ಸಮುದ್ರ ದಾಟುವುದನ್ನೇ ತಗೊಳ್ಳಿ. ಹಿಂದೆ ಗೃಹಸ್ಥರು ಕಡಲು ದಾಟಿ ಬಂದರೂ ಪ್ರಾಯಶ್ಚಿತ್ತ, ಇಲ್ಲವೇ ಬಹಿಷ್ಕಾರ. 2008ರ ಜನವರಿಯಲ್ಲಿ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ ಪರ್ಯಾಯ ಬಂದಾಗ ಉಡುಪಿಯಲ್ಲಿ ದೊಡ್ಡ ವಿವಾದವೇ ಆಯಿತು. ವಿದೇಶಕ್ಕೆ ಹೋಗಿಬಂದ ಯತಿ ಕೃಷ್ಣನ ವಿಗ್ರಹ ಮುಟ್ಟಬಾರದು ಎಂದು ಬೇರೆ ಮಠಗಳವರು ಪಟ್ಟು ಹಿಡಿದರು. 2024ರಲ್ಲಿ ಅದೇ ಸ್ವಾಮಿಗಳು ನಾಲ್ಕನೇ ಸಲ ಪರ್ಯಾಯ ಪೀಠ ಏರಿದರು.

ವಿರೋಧಿಸಿದವರ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಅವರು ನಿಯಮವನ್ನು ತಮ್ಮಲ್ಲೇ ದೊಡ್ಡವರೊಬ್ಬರ ಮೇಲೆ ಹಾಕಿದರು, ಅಷ್ಟು ಒಪ್ಪಲೇಬೇಕು. ನಮ್ಮ ಮನೆಯಲ್ಲಿ? ಪ್ರಾಜೆಕ್ಟ್ ಮೇಲೆ ನಾನು ಅಮೆರಿಕಕ್ಕೆ ಹೊರಟಾಗ ಇದೇ ಕಾಕಾ ಹೈದರಾಬಾದ್ ಏರ್‌ಪೋರ್ಟ್‌ವರೆಗೂ ಬಂದಿದ್ದರು. ವಾಪಸ್ ಬಂದಾಗ ಮನೆಯಲ್ಲಿ ಆರತಿ ಎತ್ತಿದರು. ಪ್ರಾಯಶ್ಚಿತ್ತದ ಸುದ್ದಿಯೇ ಇಲ್ಲ! ನಾನು ಸಮುದ್ರ ದಾಟಿದೆ. ಅವಳು ಹೋದದ್ದು ದೇವದುರ್ಗದ ಬಸ್ಸಿನಲ್ಲಿ. ಡಾಲರ್ ಬರುವ ಕಡೆಯ ಬಾಗಿಲು ಮಾತ್ರ ತಾನಾಗಿ ತೆರೆದುಕೊಂಡಿತು.

ಅವತ್ತು ನಾವು ಊಟಕ್ಕೆ ಕೂತದ್ದಾದರೂ ಯಾರ ಹೆಸರಲ್ಲಿ? ಕಥೆ ಮಾನ್ವಿಯ ಸಣ್ಣ ಹುಡುಗರಿಗೂ ಗೊತ್ತು. ಶ್ರೀನಿವಾಸಾಚಾರ್ಯರು ಘನ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ಅದೇ ತಾಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿದರು. ನೆಪವೇ ನಿಜವಾಯಿತು. ಕೊನೆಗೆ ಕಾಪಾಡಿದವರು ವಿಜಯದಾಸರ ಶಿಷ್ಯ ಗೋಪಾಲದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದುಕೊಟ್ಟರಂತೆ. ಪಂಡಿತರು ಜಗನ್ನಾಥದಾಸರಾದರು. ಮಧ್ವಸಿದ್ಧಾಂತವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಮಾಡಿ ಕೊಟ್ಟರು.

ಇಲ್ಲಿ ಬದಲಾದದ್ದು ಏನು? ಸಿದ್ಧಾಂತ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಪಂಡಿತರ ಬಿಗುಮಾನ. ಅದನ್ನೂ ಅವರು ಮೊದಲು ಸತ್ಯವೆಂದೇ ತಿಳಿದಿದ್ದಿರಬಹುದು. ಬಿಟ್ಟದ್ದರಿಂದ ಸತ್ಯಕ್ಕೇನೂ ನಷ್ಟವಾಗಲಿಲ್ಲ. ಬಿಡದಿದ್ದರೆ ನಮಗೆ ಆಗುತ್ತಿತ್ತು.

ತಾರತಮ್ಯ ಅಂತೀರಾ? ಅದು ಜೀವಗಳ ಯೋಗ್ಯತೆಯ ಮಾತು. ಯಾರ ಯೋಗ್ಯತೆ ಎಷ್ಟೆಂದು ಜಾತಿ ಸರ್ಟಿಫಿಕೇಟ್ ನೋಡಿ ಹೇಳುವಂತಿದ್ದರೆ, ಕುರುಬರ ಕನಕದಾಸರಿಗೆ ವ್ಯಾಸರಾಯರ ಹತ್ತಿರ ಏನು ಕೆಲಸವಿತ್ತು?

ಸತ್ಯ ಬದಲಾಗುವುದಿಲ್ಲ ಎಂದು ನಂಬುವವರು ತಮ್ಮ ರೂಢಿಗೆ ಸತ್ಯದ ಮುದ್ರೆ ಒತ್ತಲು ಎಲ್ಲರಿಗಿಂತ ಹೆಚ್ಚು ಹೆದರಬೇಕು. ನಾಳೆ ಆ ರೂಢಿ ಬಿದ್ದುಹೋದಾಗ ಮಕ್ಕಳು ಸತ್ಯವನ್ನೇ ಸುಳ್ಳು ಅಂತಾರೆ. ಕಾಕಾ, "ನನ್ನ ಮನಸ್ಸಿಗೆ ನೋವಾಗೇದ, ನಾಕು ಮಂದಿ ಮುಂದ ತಲಿ ತಗ್ಗಿಸಬೇಕಾತು" ಅನ್ನಿ. ಅದು ನಿಜ, ಎದುರಾಡುವುದಿಲ್ಲ. ಆದರೆ ಅದನ್ನು ಮಧ್ವರ ಮೇಲೆ ಹಾಕಬೇಡಿ.

ಮುಂದಿನ ನವಮಿಗೆ ಅವಳನ್ನೂ ಅವಳ ಗಂಡನನ್ನೂ ಕರೆದುಕೊಂಡೇ ಮಾನ್ವಿಗೆ ಹೋಗುತ್ತೇನೆ. ಊಟದ ಹೊತ್ತಿಗೆ ಯಾರಿಗಾದರೂ ಹೊಟ್ಟೆನೋವು ಬಂದರೆ... ಮುಂದಿನ ಕಥೆ ಅವರಿಗೇ ಗೊತ್ತಿದೆ :)