ಪಟ್ಟಿಯ ಪುರಾಣ

ಮನೆಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಗುವಿದ್ದರೆ ಬೆಳಗಿನ ರಂಪ ಯಾವುದೆಂದು ವಾಚಕರಿಗೆ ಹೇಳಬೇಕಾಗಿಲ್ಲ: ಜಡೆ ಎರಡು, ಸಿಕ್ಕಿರುವ ರಿಬ್ಬನ್ನು ಒಂದು. ಈ ರಿಬ್ಬನ್ನಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ‘ಪಟ್ಟಿ’ ಎಂದೆ. ತರಗತಿಗೆ ತರಗತಿಯೇ ನಕ್ಕಿತು. ಗಾಯಕ್ಕೆ ಕಟ್ಟುವುದನ್ನು ಜಡೆಗೆ ಕಟ್ಟುವುದುಂಟೆ!

ಆದರೆ ಪಟ್ಟಿಯ ಕುಲ ದೊಡ್ಡದು. ‘ಪಟ್ಟ’ವೆಂದರೆ ರೇಷ್ಮೆ, ಅರಸನ ಹಣೆಗೆ ಕಟ್ಟುತ್ತಿದ್ದ ಬಟ್ಟೆಯ ಅಥವಾ ಹೊನ್ನಿನ ಪಟ್ಟಿಯೂ ಪಟ್ಟವೇ, ಕಡೆಗೆ ಅರಸುತನಕ್ಕೇ ಆ ಹೆಸರಾಯಿತು. ಗಂಗರ ಇಮ್ಮಡಿ ಶಿವಮಾರನ ಹಣೆಗೆ ರಾಷ್ಟ್ರಕೂಟ ಗೋವಿಂದನೂ ಪಲ್ಲವ ನಂದಿವರ್ಮನೂ ತಮ್ಮ ಕೈಯಾರೆ ಪಟ್ಟ ಕಟ್ಟಿದರೆಂದು ತಾಮ್ರಶಾಸನ ಸಾರುತ್ತದೆ. ಕಿರೀಟವನ್ನು ಇಡುತ್ತೇವೆ, ಪಟ್ಟವನ್ನು ಮಾತ್ರ ಕಟ್ಟುತ್ತೇವೆ. ಪಟ್ಟದ ರಾಣಿ, ಪಟ್ಟದ ಆನೆ ಎಲ್ಲವೂ ಈ ಒಂದು ಗಂಟಿನಿಂದ ಬಂದ ವೈಭವ.

ಅಂಥ ಹಣೆಯ ಪಟ್ಟಿಗೆ ಇಂದು ಒದಗಿರುವ ಗತಿಯನ್ನು ನೋಡಿ. ‘ಹಣೆಪಟ್ಟಿ’ ಎಂದರೆ ಈಗ ಒಬ್ಬನನ್ನು ಅರಿಯುವ ಮೊದಲೇ ಅವನಿಗೆ ಹಚ್ಚಿಬಿಡುವ ಹೆಸರು. ಕಚೇರಿಯ ಕಡತ ಕಟ್ಟುತ್ತಿದ್ದ ಕೆಂಪು ಲಾಡಿಯೂ ‘ಕೆಂಪುಪಟ್ಟಿ’ಯಾಗಿ ಅಪಕೀರ್ತಿ ಹೊತ್ತಿದೆ. ತೋಳಿನ ಕಪ್ಪುಪಟ್ಟಿಯ ಮಾತು ಬೇರೆ. ಅದು ತಾನಾಗಿ ಕಟ್ಟಿಕೊಂಡದ್ದು.

1991ರಲ್ಲಿ ನ್ಯೂಯಾರ್ಕಿನ ಕಲಾವಿದರ ಗುಂಪೊಂದು ಏಡ್ಸ್ ರೋಗಿಗಳ ಸಲುವಾಗಿ ಕೆಂಪು ರಿಬ್ಬನ್ನಿನ ಕುಣಿಕೆಯೊಂದನ್ನು ರೂಪಿಸಿತು. ಡಿಸೆಂಬರ್ 1ರಂದು ನಮ್ಮ ಆಸ್ಪತ್ರೆಗಳಲ್ಲಿಯೂ ಅದನ್ನು ಕಾಣಬಹುದು. ರೋಗಿಯ ಹಣೆಗೆ ಲೋಕ ಹಚ್ಚಿದ ಪಟ್ಟಿಗೆ ಪ್ರತಿಯಾಗಿ, ಆರೋಗ್ಯವಂತನೂ ತನ್ನ ಎದೆಯ ಮೇಲೆ ಒಂದನ್ನು ಚುಚ್ಚಿಕೊಳ್ಳುವುದು! ಹಣೆಪಟ್ಟಿಗೆ ಇದಕ್ಕಿಂತ ಸಭ್ಯವಾದ ಉತ್ತರವನ್ನು ನಾನು ಕಂಡಿಲ್ಲ.

ಇನ್ನು ಹಾವೇರಿಗೆ ಬರೋಣ. ಇಲ್ಲಿಯ ಏಲಕ್ಕಿ ಹಾರ ಪ್ರಸಿದ್ಧವಾದುದು. ಏಲಕ್ಕಿಯೇನೂ ಇಲ್ಲಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಕಾಯಿಗಳನ್ನು ಬೆಳ್ಳಗೆ ಮಾಡಿ, ಬಣ್ಣದ ದಾರ, ಜರಿ, ಮಣಿಗಳೊಡನೆ ಪೋಣಿಸಿ ಹಾರವಾಗಿಸುವುದು ಪಟವೇಗಾರ ಮನೆತನದವರ ತಲೆಮಾರುಗಳ ಕಸುಬು. ಪಟವೇಗಾರನೆಂದರೆ ಪಟ್ಟದ ಕೆಲಸದವನು, ರೇಷ್ಮೆಯ ನಂಟಿನವನು. ಅರಸರ ಹಣೆಯಿಂದ ಜಾರಿದ ಮಾತು ಹೀಗೆ ಒಂದು ಮನೆತನದ ಹೆಸರಿನಲ್ಲಿ ಕುಳಿತಿದೆ.

ನಮ್ಮ ಸಮಾರಂಭಗಳಿಗೆ ಬರುವ ಗಣ್ಯರು ಬಾಗಿಲಲ್ಲಿ ಕತ್ತರಿ ಹಿಡಿದು ರಿಬ್ಬನ್ನು ಕತ್ತರಿಸುತ್ತಾರೆ. ಒಳಗೆ ಬಂದು ಏಲಕ್ಕಿ ಹಾರಕ್ಕೆ ಕೊರಳೊಡ್ಡುತ್ತಾರೆ. ರಿಬ್ಬನ್ನಿನ ತುಂಡು ಯಾರ ಕಾಲಡಿಗೆ ಬಿತ್ತೆಂದು ಯಾರೂ ಕೇಳುವುದಿಲ್ಲ. ಹಾರವನ್ನು ಮಾತ್ರ ಜೋಪಾನವಾಗಿ ಮನೆಗೊಯ್ಯುತ್ತಾರೆ.